ಶೇರ್‌ಎಕ್ಸ್ ಜೊತೆಗೆ ಪಿಎನ್‌ಜಿಕ್ವಾಂಟ್: ‘ಧ’ದ ಹೊಟ್ಟೆಸೀಳು ಉಳಿಸಿಕೊಟ್ಟ ಉಚಿತ ಜೋಡಿ

ಸ್ಕ್ರೀನ್‌ಶಾಟ್ ತೆಗೆಯಲು ಯಾವ ಉಚಿತ ತಂತ್ರಾಂಶ ಒಳ್ಳೆಯದು ಅಂತ ಕೇಳಿದರೆ ಹತ್ತು ಹೆಸರು ಸಿಗುತ್ತವೆ. ತೆಗೆದ ಚಿತ್ರ ಇನ್ನೊಬ್ಬರ ಫೋನಿಗೆ ಹೋದ ಮೇಲೂ ಅದರಲ್ಲಿನ ಕನ್ನಡ ಓದಲು ಬರುತ್ತದಾ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನಗೆ ಅದೇ ಮುಖ್ಯ. ಸ್ಕ್ರೀನ್‌ಶಾಟ್ ತೆಗೆಯುವ ಶೇರ್‌ಎಕ್ಸ್, ಆ ಚಿತ್ರವನ್ನು ಹಗುರ ಮಾಡುವ ಪಿಎನ್‌ಜಿಕ್ವಾಂಟ್, ಈ ಎರಡರ ವಿಮರ್ಶೆ ಬರೆಯುತ್ತಿರುವುದೂ ಅದಕ್ಕೇ.

ತಾಲ್ಲೂಕು ಊರಿನ ಒಂದು ಚಿಕ್ಕ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಪಾಠ ಮಾಡುತ್ತೇನೆ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ಎಕ್ಸೆಲ್, ಆನ್‌ಲೈನ್ ಅರ್ಜಿ ತುಂಬುವುದು, ಇವೇ ಪಾಠಗಳು. ಪ್ರತಿ ಪಾಠಕ್ಕೂ ಹಂತ ಹಂತವಾಗಿ ಚಿತ್ರಗಳನ್ನು ಇಟ್ಟು ನೋಟ್ಸ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಕಲಿಯಲು ಬರುವವರಲ್ಲಿ ಪಿಯುಸಿ ಮುಗಿಸಿದ ಹುಡುಗರಿದ್ದಾರೆ, ಸ್ವಸಹಾಯ ಸಂಘದ ಲೆಕ್ಕ ಬರೆಯುವ ಅಕ್ಕಂದಿರಿದ್ದಾರೆ, ಸೊಸೈಟಿಯ ಗುಮಾಸ್ತರಿದ್ದಾರೆ. ಹೆಚ್ಚಿನವರ ಕೈಯಲ್ಲಿರುವುದು ಕಡಿಮೆ ಬೆಲೆಯ ಫೋನು. ಅದರಲ್ಲಿ ಜಾಗ ಸದಾ ತುಂಬಿರುತ್ತದೆ. ಹಾಗಾಗಿ ಚಿತ್ರ ಹಗುರವಾಗಿರಬೇಕು, ಅಕ್ಷರವೂ ಕೆಡಬಾರದು.

ಕನ್ನಡದಲ್ಲಿ ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಸುಲಭ ಅಲ್ಲ. ‘ದ’ಗೂ ‘ಧ’ಗೂ ಇರುವ ವ್ಯತ್ಯಾಸ ಒಂದು ಹೊಟ್ಟೆಸೀಳು ಮಾತ್ರ. ‘ಡ’ ‘ಢ’, ‘ಬ’ ‘ಭ’, ‘ಪ’ ‘ಫ’ ಕೂಡ ಹಾಗೇ. ಅರ್ಜಿಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಆ ಸೀಳು ಪರದೆಯ ಮೇಲೆ ಒಂದೆರಡು ಪಿಕ್ಸೆಲ್‌ಗಿಂತ, ಅಂದರೆ ಪರದೆಯ ಅತಿ ಚಿಕ್ಕ ಬಿಂದುಗಳಿಗಿಂತ, ಜಾಸ್ತಿ ಇರುವುದಿಲ್ಲ. ಒತ್ತಕ್ಷರಗಳಂತೂ ಇನ್ನೂ ಚಿಕ್ಕವು. ಚಿತ್ರ ಸ್ವಲ್ಪ ಮಸುಕಾದರೂ ‘ಅಧಿಕಾರಿ’ ಹೋಗಿ ‘ಅದಿಕಾರಿ’ ಆಗುತ್ತದೆ. ಟೈಪಿಂಗ್ ಕಲಿಯುವವರು ನೋಟ್ಸ್ ನೋಡಿಕೊಂಡೇ ಕಲಿಯಬೇಕು. “ಮೇಡಂ, ಇದು ದ ನಾ ಧ ನಾ?” ಅಂತ ಒಬ್ಬ ಅಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದರೆ, ಅದು ಅವರ ಕಣ್ಣಿನ ದೋಷ ಅಲ್ಲ. ಚಿತ್ರದ ದೋಷ.

ಮೊದಲು ಬಳಸುತ್ತಿದ್ದ ಒಂದು ಉಚಿತ ತಂತ್ರಾಂಶ ನನ್ನನ್ನು ಕೇಳದೇ ಎಲ್ಲವನ್ನೂ ಜೆಪೆಗ್ ಎಂಬ ಫೈಲ್ ಬಗೆಯಲ್ಲಿ ಉಳಿಸುತ್ತಿತ್ತು. ಮೂಲೆಯಲ್ಲಿ ತನ್ನ ಹೆಸರಿನ ಮುದ್ರೆ ಬೇರೆ. ಜೆಪೆಗ್ ಬಂದಿದ್ದು 1992ರಲ್ಲಿ, ಫೋಟೋಗಳಿಗಾಗಿ. ಅದು ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆಯುತ್ತದೆ. ಪ್ರತಿ ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುತ್ತದೆ. ಬೆಟ್ಟ, ಮರ, ಮುಖ ಇದ್ದರೆ ಅದು ಗೊತ್ತೇ ಆಗುವುದಿಲ್ಲ. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ ಇದ್ದರೆ ಅಂಚಿನ ಸುತ್ತ ಧೂಳಿನಂಥ ಕಲೆ ಏಳುತ್ತದೆ. ಬಣ್ಣದ ವಿವರವನ್ನು ಸಾಮಾನ್ಯವಾಗಿ ಇನ್ನೂ ಕಡಿಮೆ ಮಾಡಿ ಇಡುವುದರಿಂದ, ನಾವು ಹಾಕಿದ ಕೆಂಪು ಬಾಣ ಅಕ್ಕಪಕ್ಕಕ್ಕೆ ಹರಡಿಕೊಳ್ಳುತ್ತದೆ. ಪರದೆಯ ಚಿತ್ರಕ್ಕೆ ಬೇಕಾದ್ದು ಪಿಎನ್‌ಜಿ ಎಂಬ ಇನ್ನೊಂದು ಫೈಲ್ ಬಗೆ. 1996ರಿಂದ ಇದೆ. ಒಂದು ಪಿಕ್ಸೆಲ್ ಕೂಡ ಕೆಡಿಸುವುದಿಲ್ಲ. ಆದರೆ ಫೈಲ್ ದಪ್ಪ.

ಆಯ್ಕೆ ಮಾಡುವಾಗ ವಿಂಡೋಸ್‌ನಲ್ಲೇ ಇರುವ ಸ್ನಿಪ್ಪಿಂಗ್ ಟೂಲ್, ಗ್ರೀನ್‌ಶಾಟ್ ಮತ್ತು ಶೇರ್‌ಎಕ್ಸ್ ಮೂರನ್ನೂ ನೋಡಿದೆ. ಹಣ ಕೊಟ್ಟು ಕೊಳ್ಳುವ ಸ್ನ್ಯಾಗಿಟ್ ನಮ್ಮ ಲ್ಯಾಬ್‌ನ ಬಜೆಟ್‌ಗೆ ಬರುವುದಿಲ್ಲ, ಆ ಮಾತು ಅಲ್ಲಿಗೇ ಮುಗಿಯಿತು. ಯಾವಾಗಲೋ ಒಂದು ಚಿತ್ರ ಬೇಕು ಅನ್ನುವವರಿಗೆ ವಿಂಡೋಸ್, ಶಿಫ್ಟ್, ಎಸ್ ಮೂರೂ ಒಟ್ಟಿಗೆ ಒತ್ತಿದರೆ ಸಾಕು, ಬೇರೇನೂ ಬೇಡ. ಗ್ರೀನ್‌ಶಾಟ್ ತುಂಬಾ ಸರಳ, ಹಗುರ. ಅದರ ಸೆಟ್ಟಿಂಗ್‌ನಲ್ಲಿ ಫೈಲ್ ಹಗುರವಾಗಲೆಂದು ಬಣ್ಣಗಳನ್ನು 256ಕ್ಕೆ ಇಳಿಸುವ ಆಯ್ಕೆಯೇ ಇದೆ. ಅದು ಎಷ್ಟೋ ಜನರ ಕಣ್ಣಿಗೆ ಬಿದ್ದಿಲ್ಲ. 2017ರ ನಂತರ ಬಹಳ ವರ್ಷ ಅದಕ್ಕೆ ಹೊಸ ಸ್ಥಿರ ಆವೃತ್ತಿ ಬರಲಿಲ್ಲ, 1.3 ಬಂದದ್ದು 2025ರಲ್ಲಿ. ಮಧ್ಯದ ಆ ಕಾಲದಲ್ಲಿ ನಾನು ಶೇರ್‌ಎಕ್ಸ್‌ಗೆ ಒಗ್ಗಿಕೊಂಡೆ. ಪೂರ್ತಿ ಉಚಿತ, ಮೂಲ ಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ಮುಕ್ತ, ಜಾಹೀರಾತು ಇಲ್ಲ, ಮುದ್ರೆ ಇಲ್ಲ. ಇನ್‌ಸ್ಟಾಲ್ ಮಾಡದೇ ಓಡುವ ಪೋರ್ಟಬಲ್ ಆವೃತ್ತಿಯೂ ಇದೆ. ಲ್ಯಾಬ್‌ನ ಯಂತ್ರಗಳಿಗೆ ಇದು ದೊಡ್ಡ ಅನುಕೂಲ.

ಬೆಳಗ್ಗೆ ತರಗತಿ ಶುರುವಾಗುವ ಮುಂಚೆ ನೋಟ್ಸ್ ಕೆಲಸಕ್ಕೆ ಕೂರುತ್ತೇನೆ. ಮೊದಲು ಬ್ರೌಸರ್ ಜೂಮ್ ಅನ್ನು 125 ಅಥವಾ 150ಕ್ಕೆ ಏರಿಸುತ್ತೇನೆ. ದಯವಿಟ್ಟು ಇದನ್ನು ಎಲ್ಲರೂ ಮಾಡಿ. ಅಕ್ಷರ ದೊಡ್ಡದಾಗುತ್ತದೆ, ಹೊಟ್ಟೆಸೀಳಿಗೆ ಇನ್ನೂ ಕೆಲವು ಪಿಕ್ಸೆಲ್ ಸಿಗುತ್ತವೆ, ಪರದೆಯ ಅಳತೆ ಮಾತ್ರ ಅಷ್ಟೇ ಇರುತ್ತದೆ. ಚಿತ್ರ ತೆಗೆದ ಮೇಲೆ ಕುಗ್ಗಿಸುವುದಕ್ಕಿಂತ, ಮೊದಲೇ ದೊಡ್ಡದು ಮಾಡಿ ಬೇಕಾದಷ್ಟು ಭಾಗವನ್ನು ಮಾತ್ರ ಕತ್ತರಿಸಿಕೊಳ್ಳುವುದು ಕನ್ನಡಕ್ಕೆ ಎಷ್ಟೋ ವಾಸಿ.

ಆಮೇಲೆ ಕಂಟ್ರೋಲ್ ಜೊತೆ ಪ್ರಿಂಟ್‌ಸ್ಕ್ರೀನ್. ಪರದೆ ಇದ್ದಲ್ಲೇ ನಿಲ್ಲುತ್ತದೆ. ತೆರೆದಿದ್ದ ಮೆನು ಮುಚ್ಚಿಹೋಗುವುದಿಲ್ಲ, ಇದು ನನಗೆ ತುಂಬಾ ಇಷ್ಟ. ಮೌಸ್ ಆಡಿಸಿದರೆ ಕಿಟಕಿ, ಬಟನ್, ಪೆಟ್ಟಿಗೆಗಳ ಅಂಚನ್ನು ತಾನೇ ಹುಡುಕಿ ತೋರಿಸುತ್ತದೆ. ಪಕ್ಕದಲ್ಲಿ ಪುಟ್ಟ ಭೂತಗನ್ನಡಿ ಇರುತ್ತದೆ, ಗೆರೆ ಎಲ್ಲಿ ಬಿತ್ತು ಅಂತ ಪಿಕ್ಸೆಲ್ ಲೆಕ್ಕದಲ್ಲಿ ಕಾಣುತ್ತದೆ. ಎಳೆದು ಬಿಟ್ಟರೆ ಎಡಿಟರ್ ತೆರೆದುಕೊಳ್ಳುವ ಹಾಗೆ ಇಟ್ಟುಕೊಂಡಿದ್ದೇನೆ. ಅದರಲ್ಲಿ ಹಂತದ ಸಂಖ್ಯೆ ಹಾಕುವ ಉಪಕರಣ ಇದೆ. ಕ್ಲಿಕ್ ಮಾಡಿದಲ್ಲೆಲ್ಲ ದುಂಡು ಬಿಲ್ಲೆಯಲ್ಲಿ 1, 2, 3 ಅಂತ ತಾನಾಗಿ ಬರುತ್ತದೆ. “2ನೇ ನಂಬರ್ ಒತ್ತಿದೆ ಮೇಡಂ, ಆಮೇಲೆ?” ಅಂತ ಫೋನಿನಲ್ಲಿ ಕೇಳುವವರಿಗೆ ಉತ್ತರ ಹೇಳುವುದು ಎಷ್ಟು ಸುಲಭ! ಫೈಲ್‌ಗಳು ತಿಂಗಳಿಗೊಂದು ಫೋಲ್ಡರ್‌ನಲ್ಲಿ ತಾವೇ ಸೇರಿಕೊಳ್ಳುತ್ತವೆ. ಹೋದ ವರ್ಷದ ನೋಟ್ಸ್ ಹುಡುಕಲು ನನಗೆ ಕಷ್ಟವೇ ಇಲ್ಲ.

ಈಗ ನಿಜವಾದ ಸಂತೋಷದ ವಿಷಯಕ್ಕೆ ಬರುತ್ತೇನೆ. ಚಿತ್ರ ಉಳಿಸಿದ ಮೇಲೆ ಇನ್ನೊಂದು ತಂತ್ರಾಂಶವನ್ನು ಕರೆದು ಕೆಲಸ ಕೊಡುವ ವ್ಯವಸ್ಥೆ ಶೇರ್‌ಎಕ್ಸ್‌ನಲ್ಲಿದೆ. ಆ್ಯಕ್ಷನ್ಸ್ ಅಂತ ಅದರ ಹೆಸರು. ಅಲ್ಲಿ ಪಿಎನ್‌ಜಿಕ್ವಾಂಟ್ ಎಂಬ ಉಚಿತ ಉಪಕರಣವನ್ನು ಒಮ್ಮೆ ಜೋಡಿಸಿಟ್ಟೆ. ಅಂದಿನಿಂದ ಕುಗ್ಗಿಸುವುದು ನನ್ನ ಕೆಲಸವಾಗಿ ಉಳಿದಿಲ್ಲ. ಚಿತ್ರ ಫೋಲ್ಡರ್‌ಗೆ ಬರುವ ಹೊತ್ತಿಗೆ ಅದು ಹಗುರವಾಗಿರುತ್ತದೆ.

ಅದು ಮಾಡುವುದು ಇಷ್ಟು. ಮಾಮೂಲಿ ಪಿಎನ್‌ಜಿಯಲ್ಲಿ ಒಂದು ಪಿಕ್ಸೆಲ್‌ನ ಬಣ್ಣ ಬರೆಯಲು ಕೆಂಪು, ಹಸಿರು, ನೀಲಿ ಅಂತ ಮೂರು ಬೈಟ್ ಬೇಕು. ನಮ್ಮ ಲ್ಯಾಬ್‌ನ 1366×768 ಪರದೆ ಅಂದರೆ ಸುಮಾರು 31 ಲಕ್ಷ ಬೈಟ್. ಪಿಎನ್‌ಜಿಕ್ವಾಂಟ್ ಆ ಚಿತ್ರಕ್ಕೆ ಬೇಕಾದ ಬಣ್ಣಗಳನ್ನು ಹೆಚ್ಚೆಂದರೆ 256ಕ್ಕೆ ಇಳಿಸಿ ಒಂದು ಪಟ್ಟಿ ಮಾಡಿಕೊಳ್ಳುತ್ತದೆ. ರಂಗೋಲಿ ಪುಡಿಯ ಬಟ್ಟಲುಗಳಿಗೆ ನಂಬರ್ ಹಾಕಿಟ್ಟು, ಯಾವ ಜಾಗಕ್ಕೆ ಯಾವ ನಂಬರ್ ಅಂತ ಬರೆದಿಟ್ಟ ಹಾಗೆ. ಆಗ ಪಿಕ್ಸೆಲ್‌ಗೆ ಒಂದೇ ಬೈಟ್ ಸಾಕು. 31 ಲಕ್ಷ ಇದ್ದದ್ದು ಹತ್ತೂವರೆ ಲಕ್ಷಕ್ಕೆ ಬರುತ್ತದೆ. ಇದು ಪಿಎನ್‌ಜಿ ತನ್ನದೇ ರೀತಿಯಲ್ಲಿ ಒತ್ತಿ ಚಿಕ್ಕದು ಮಾಡುವುದಕ್ಕೂ ಮುಂಚಿನ ಲೆಕ್ಕ. ಒಂದೇ ಬಣ್ಣ ಉದ್ದಕ್ಕೆ ಬಂದಾಗ ಪಿಎನ್‌ಜಿ ಅದನ್ನು ಮತ್ತೆ ಮತ್ತೆ ಬರೆಯದೇ ಚಿಕ್ಕದಾಗಿ ಹೇಳುತ್ತದೆ. ಅರ್ಜಿಯ ಪುಟದಲ್ಲಿ ಬಹುಪಾಲು ಬಿಳಿಯೇ ಅಲ್ವಾ? ಕೊನೆಯ ಫೈಲ್ ಇನ್ನೂ ಎಷ್ಟೋ ಚಿಕ್ಕದಾಗಿಬಿಡುತ್ತದೆ.

ಅಕ್ಷರಕ್ಕೆ ಏನೂ ಆಗುವುದಿಲ್ಲ. ಪಿಕ್ಸೆಲ್ ಇದ್ದ ಜಾಗದಲ್ಲೇ ಇರುತ್ತದೆ. ಬಣ್ಣ ಮಾತ್ರ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಸೀಳು ಸೀಳಾಗಿಯೇ, ಒತ್ತು ಒತ್ತಾಗಿಯೇ ಕಾಣುತ್ತದೆ. ಕನಿಷ್ಠ ಗುಣಮಟ್ಟ ಇಷ್ಟಿರಲಿ ಅಂತ ಮೊದಲೇ ಹೇಳಿಡಬಹುದು. ಅದಕ್ಕೆ ತಲುಪಲು ಆಗದಿದ್ದರೆ ಪಿಎನ್‌ಜಿಕ್ವಾಂಟ್ ಫೈಲನ್ನು ಮುಟ್ಟುವುದೇ ಇಲ್ಲ, ಮೂಲ ಹಾಗೇ ಉಳಿಯುತ್ತದೆ. ಈ ನಿಯತ್ತು ನನಗೆ ತುಂಬಾ ಹಿಡಿಸಿತು. ಒಂದು ಸಣ್ಣ ಸಲಹೆ: ಬಣ್ಣ ಬೆರೆಸಲು ಚುಕ್ಕಿ ಹಾಕುವ ಅಭ್ಯಾಸ (ಡಿದರಿಂಗ್) ಪಿಎನ್‌ಜಿಕ್ವಾಂಟ್‌ಗಿದೆ, ಅದನ್ನು ನಿಲ್ಲಿಸಿ. ಪರದೆಯ ಚಿತ್ರಕ್ಕೆ ಚುಕ್ಕಿ ಬೇಕಿಲ್ಲ, ಫೈಲ್ ಇನ್ನೂ ಚಿಕ್ಕದಾಗುತ್ತದೆ. ಇನ್ನೊಂದು: ಶೇರ್‌ಎಕ್ಸ್‌ನಲ್ಲಿ ‘ಚಿತ್ರ ಕಾಪಿ’ ಮತ್ತು ‘ಫೈಲ್ ಕಾಪಿ’ ಅಂತ ಬೇರೆ ಬೇರೆ ಇವೆ. ಮೊದಲನೆಯದು ಕುಗ್ಗದ ಚಿತ್ರವನ್ನು ಒಯ್ಯುತ್ತದೆ. ಎರಡನೆಯದನ್ನೇ ಆರಿಸಿಕೊಳ್ಳಿ.

ಇಷ್ಟೆಲ್ಲ ಹೊಗಳಿದ ಮೇಲೂ ಬೇಜಾರಿನ ಮಾತು ಹೇಳಲೇಬೇಕು. ಶೇರ್‌ಎಕ್ಸ್‌ನ ಸೆಟ್ಟಿಂಗ್‌ಗಳು ಒಂದು ಕಾಡು. ಮೆನುವಿನೊಳಗೆ ಮೆನು, ಅದರೊಳಗೆ ಇನ್ನೊಂದು. ನಾನು ಹೇಳಿದ ಆ್ಯಕ್ಷನ್ಸ್ ಹುಡುಕಿ ಜೋಡಿಸುವುದು ಹೊಸಬರಿಗೆ ತಲೆನೋವು. ನಾವು ಎಲ್ಲವನ್ನೂ ಇಂಗ್ಲಿಷ್‌ನಲ್ಲೇ ಓದಬೇಕು. ಹಂಗೇರಿಯನ್, ಇಂಡೋನೇಷ್ಯನ್, ವಿಯೆಟ್ನಾಮೀಸ್ ಭಾಷೆಗಳ ಮೆನು ಸಿಗುತ್ತದೆ, ಕನ್ನಡ ಇಲ್ಲ. ಚಿತ್ರದಿಂದ ಪಠ್ಯ ತೆಗೆಯುವ ಓಸಿಆರ್ ಇದೆಯಲ್ಲ ಅಂತ ಆಸೆಪಡಬೇಡಿ. ಅದು ವಿಂಡೋಸ್‌ನ ಓಸಿಆರ್ ಅನ್ನು ಬಳಸುತ್ತದೆ, ಅದಕ್ಕೆ ಕನ್ನಡ ಬರುವುದಿಲ್ಲ. ಕನ್ನಡ ಓದಿಸಬೇಕು ಅಂದರೆ ಟೆಸೆರಾಕ್ಟ್ ಎಂಬ ಓಸಿಆರ್ ತಂತ್ರಾಂಶ ಬೇರೆಯಾಗಿ ಹಾಕಿಕೊಳ್ಳಬೇಕು.

ಇನ್ನೂ ಜಾಸ್ತಿ ಎಚ್ಚರ ಬೇಕಾದದ್ದು ಅಪ್‌ಲೋಡ್ ವಿಷಯದಲ್ಲಿ. ಹೆಸರಿನಲ್ಲೇ ‘ಶೇರ್’ ಇರುವ ತಂತ್ರಾಂಶ ಇದು, ಚಿತ್ರವನ್ನು ನೆಟ್‌ಗೆ ಏರಿಸಿ ಲಿಂಕ್ ಕೊಡುವುದು ಇದರ ಹಳೇ ಕಸುಬು. ತೆಗೆದ ಮೇಲೆ ಏನು ಮಾಡಬೇಕು ಅನ್ನುವ ಪಟ್ಟಿಯಲ್ಲಿ ಅಪ್‌ಲೋಡ್‌ನ ಟಿಕ್ ಇದ್ದರೆ ಮೊದಲ ದಿನವೇ ತೆಗೆದುಹಾಕಿ. ಲ್ಯಾಬ್‌ನಲ್ಲಿ ನಾವು ತೆಗೆಯುವ ಪರದೆಗಳಲ್ಲಿ ಆಧಾರ್ ಸಂಖ್ಯೆ, ಪಹಣಿ, ಬ್ಯಾಂಕ್ ಖಾತೆ ಎಲ್ಲ ಇರುತ್ತವೆ. ಅವು ಬೇರೆಯವರ ಗುಟ್ಟು. ಅವುಗಳ ಮೇಲೆ ಮಸುಕು ಬಳಿಯುವುದೂ ಸಾಲದು. ಮಸುಕು ಮಾಡಿದ ಅಂಕಿಗಳನ್ನು ಊಹಿಸಿ ತೆಗೆಯುವ ದಾರಿಗಳಿವೆ. ಗಟ್ಟಿ ಕಪ್ಪು ಪೆಟ್ಟಿಗೆ ಇಡಿ, ಅದೇ ಭದ್ರ.

ಕತ್ತರಿಸಿದ್ದೇವೆ ಅಂತ ನಿಶ್ಚಿಂತೆಯಾಗಿ ಇರಲೂ ಆಗದು. 2023ರ ಮಾರ್ಚ್‌ನಲ್ಲಿ ಗೂಗಲ್ ಪಿಕ್ಸೆಲ್ ಫೋನ್‌ಗಳ ಸ್ಕ್ರೀನ್‌ಶಾಟ್ ಎಡಿಟರ್‌ನಲ್ಲಿ ಒಂದು ದೋಷ ಬೆಳಕಿಗೆ ಬಂತು. ಆಮೇಲೆ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೂ ಅಂಥದ್ದೇ ಸಿಕ್ಕಿತು. ಚಿತ್ರ ಕತ್ತರಿಸಿ ಹಳೇ ಫೈಲಿನ ಮೇಲೆಯೇ ಉಳಿಸಿದರೆ, ಹಳೇ ಚಿತ್ರದ ಉಳಿದ ಭಾಗ ಫೈಲಿನ ಕೊನೆಯಲ್ಲಿ ಹಾಗೇ ಬಿದ್ದಿರುತ್ತಿತ್ತು. ಅದರಿಂದ ಕತ್ತರಿಸಿದ ಭಾಗವನ್ನು ಸ್ವಲ್ಪ ಮಟ್ಟಿಗೆ ಮರಳಿ ಪಡೆಯಬಹುದಿತ್ತು. ಎರಡೂ ಕಂಪನಿಗಳು ಅದನ್ನು ಸರಿಪಡಿಸಿವೆ. ಅದಕ್ಕೂ ಮುಂಚೆ ಹಂಚಿಹೋದ ಚಿತ್ರಗಳು ಮಾತ್ರ ಹಾಗೇ ಇವೆ. ಪಿಎನ್‌ಜಿಕ್ವಾಂಟ್ ಚಿತ್ರವನ್ನು ಬಿಡಿಸಿ ಹೊಸದಾಗಿ ಬರೆಯುವುದರಿಂದ ಅಂಥ ಬಾಲ ಉಳಿಯುವುದಿಲ್ಲ. ಹಗುರ ಮಾಡಲು ತಂದುಕೊಂಡದ್ದು ಈ ರೀತಿಯಲ್ಲೂ ಕೈಹಿಡಿಯುತ್ತದೆ.

ಇಷ್ಟು ಜೋಪಾನ ಮಾಡಿದ ಚಿತ್ರ ಕೊನೆಯ ಹೆಜ್ಜೆಯಲ್ಲಿ ಕೆಡಬಾರದು. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಮತ್ತೆ ಜೆಪೆಗ್ ಆಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ತಲುಪುತ್ತದೆ. ವರ್ಡ್‌ನಲ್ಲಿ ಚಿತ್ರ ಇಟ್ಟು ಉಳಿಸುವಾಗಲೂ ಅದು ತಾನಾಗಿ ಚಿತ್ರವನ್ನು ಕುಗ್ಗಿಸಬಹುದು. ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಭಾಗದಲ್ಲಿ, ಫೈಲಿನ ಚಿತ್ರಗಳನ್ನು ಕುಗ್ಗಿಸಬೇಡ ಅನ್ನುವ ಟಿಕ್ ಇದೆ, ಹಾಕಿಬಿಡಿ. ನಾನು ನೋಟ್ಸ್ ಎಲ್ಲವನ್ನೂ ಪಿಡಿಎಫ್ ಮಾಡಿಯೇ ಕಳಿಸುತ್ತೇನೆ. ಈಗ ದ ನಾ ಧ ನಾ ಅನ್ನುವ ಪ್ರಶ್ನೆ ಬರುವುದು ಅಪರೂಪ.

ಇಷ್ಟೆಲ್ಲ ಜೋಡಿಸಲು ಪುರುಸೊತ್ತು ಇಲ್ಲದವರಿಗೆ ಸ್ಕ್ವೂಶ್ ಎಂಬ ಚಿತ್ರ ಕುಗ್ಗಿಸುವ ಜಾಲತಾಣ ಇದೆ. ಗೂಗಲ್ ಕ್ರೋಮ್ ತಂಡ 2018ರಲ್ಲಿ ಬಿಟ್ಟದ್ದು. ಬ್ರೌಸರ್‌ನಲ್ಲೇ ಓಡುತ್ತದೆ, ಚಿತ್ರ ನಿಮ್ಮ ಯಂತ್ರ ಬಿಟ್ಟು ಆಚೆ ಹೋಗುವುದಿಲ್ಲ. ಮಧ್ಯದ ಗೆರೆ ಎಳೆದಾಡುತ್ತಾ ಕುಗ್ಗುವ ಮುಂಚೆ ಹೇಗಿತ್ತು, ಆಮೇಲೆ ಹೇಗಾಯಿತು ಅಂತ ಹೋಲಿಸಿ ನೋಡಬಹುದು. ಹೊಟ್ಟೆಸೀಳು ಇರುವ ಅಕ್ಷರದ ಮೇಲೆ ಆ ಗೆರೆ ಇಟ್ಟು ನೋಡಿ, ಜೆಪೆಗ್ ಏನು ಮಾಡುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಲಿನಕ್ಸ್‌ನಲ್ಲಿ ಇರುವವರು ಫ್ಲೇಮ್‌ಶಾಟ್ ಎಂಬ ಸ್ಕ್ರೀನ್‌ಶಾಟ್ ತಂತ್ರಾಂಶ ಹಾಕಿಕೊಳ್ಳಿ, ಶೇರ್‌ಎಕ್ಸ್ ವಿಂಡೋಸ್‌ಗೆ ಮಾತ್ರ. ಪಿಎನ್‌ಜಿಕ್ವಾಂಟ್ ಎಲ್ಲ ಕಡೆಯೂ ಓಡುತ್ತದೆ.

ನನ್ನ ಮಟ್ಟಿಗೆ ಶೇರ್‌ಎಕ್ಸ್ ಬದಲಿಸುವ ಯೋಚನೆ ಇಲ್ಲ. ಅದರ ಮೂಲ ಸಂಕೇತ ಗಿಟ್‌ಹಬ್ ಎಂಬ ಕೋಡ್ ಹಂಚಿಕೊಳ್ಳುವ ಜಾಲತಾಣದಲ್ಲಿ ತೆರೆದೇ ಇದೆ, ಮೆನುವಿನ ಪದಗಳ ಫೈಲ್‌ಗಳೂ ಅಲ್ಲೇ ಇವೆ. ಕೋಡ್ ಗೊತ್ತಿರುವ ಕನ್ನಡದ ಹುಡುಗ ಹುಡುಗಿಯರು ಯಾರಾದರೂ ಅನುವಾದಕ್ಕೆ ಕೈ ಹಾಕುವುದಾದರೆ, ಪದಗಳನ್ನು ಕೂತು ನೋಡಲು ನಾನು ಬರುತ್ತೇನೆ. ನಮ್ಮ ತರಗತಿಯ ಅಕ್ಕಂದಿರಿಗೆ ಓದಿಸಿ, ಅವರಿಗೆ ಅರ್ಥವಾಗುವ ಪದವನ್ನೇ ಇಡೋಣ.