ನಕ್ಷೆಯೋ, ಕೆಸರಿನ ಕೋರೋ?

ದಾವಣಗೆರೆಯಲ್ಲಿ ಎಂಎಸ್ಸಿ ಓದುವ ತಂಗಿ ಕೇಳಿದಳು: ಹಳೆಯ ಹಿಮಹಾಸು (ನೆಲವನ್ನು ಮುಚ್ಚಿದ ಭಾರಿ ಹಿಮದ ಪದರ) ಹಿಂದೆ ಸರಿದ ಬಗ್ಗೆ ಪ್ರಾಜೆಕ್ಟ್ ಮಾಡಲು ಸಮುದ್ರತಳದ ಸೋನಾರ್ ನಕ್ಷೆ (ಶಬ್ದದ ಅಲೆಯಿಂದ ಆಳ ಅಳೆದು ಮಾಡಿದ್ದು) ಹಿಡಿಯಲೋ, ಕೆಸರಿನ ಕೋರ್ (ಸಮುದ್ರತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರಿನ ಕಂಬ) ಹಿಡಿಯಲೋ?

ಖರ್ಚಿನ ಮಾತು ಬೇಗ ಮುಗಿಯುತ್ತದೆ. ಎಷ್ಟೋ ನಕ್ಷೆಗಳು ಪುಕ್ಕಟೆ. ಕೋರ್‌ಗೆ ಹಡಗು, ಲ್ಯಾಬ್ ಬೇಕು.

ವೇಗ ತಿಳಿಯಬೇಕಿದ್ದರೆ ನಕ್ಷೆಯೇ. ಹಿಮದ ಅಂಚು ಪ್ರತಿ ಉಬ್ಬರವಿಳಿತಕ್ಕೆ ಏರಿಳಿದು, ಹಿಂದೆ ಸರಿಯುತ್ತಾ ತಳದಲ್ಲಿ ಒಂದೊಂದು ಸಣ್ಣ ದಿಬ್ಬ ಬಿಡುತ್ತದೆ, ಥೇಟ್ ನಮ್ಮ ಮೆಕ್ಕೆಜೋಳದ ಹೊಲದ ಸಾಲಿನ ಹಾಗೆ. ಹಿಮಯುಗದ ಕೊನೆಯಲ್ಲಿ ನಾರ್ವೆಯ ಹಳೆಯ ಹಿಮ ದಿನಕ್ಕೆ 55ರಿಂದ 610 ಮೀಟರ್ ಸರಿದಿತ್ತು ಎಂದು ವಿಜ್ಞಾನಿಗಳು 2023ರಲ್ಲಿ ಲೆಕ್ಕ ಹಾಕಿದ್ದು ಅವುಗಳ ಅಂತರ ಅಳೆದೇ. ಆದರೆ 500 ಮೀಟರ್ ಗ್ರಿಡ್‌ನ (500 ಮೀಟರ್ ಚೌಕಕ್ಕೆ ಒಂದೇ ಆಳ ತೋರಿಸುವ) ಪುಕ್ಕಟೆ ನಕ್ಷೆಯಲ್ಲಿ ಈ ದಿಬ್ಬಗಳು ಮಾಯ!

ಯಾವ ಕಾಲ ಅಂತ ದಿಬ್ಬ ಹೇಳುವುದಿಲ್ಲ, ಅಲ್ವಾ? ಅದಕ್ಕೆ ಕೋರ್‌ನಲ್ಲಿರುವ ಚಿಪ್ಪುಗಳ ರೇಡಿಯೋಕಾರ್ಬನ್ ಪರೀಕ್ಷೆ (ವಿಕಿರಣಶೀಲ ಇಂಗಾಲ ಎಷ್ಟು ಉಳಿದಿದೆ ಎಂದು ಅಳೆದು ವಯಸ್ಸು ಹೇಳುವುದು) ಬೇಕು. ಅಂಟಾರ್ಕ್ಟಿಕಾದಲ್ಲಿ ಅದೂ ತಲೆನೋವು. ನೀರಿನಲ್ಲಿರುವ ಹಳೆಯ ಇಂಗಾಲ ವಯಸ್ಸನ್ನು ಜಾಸ್ತಿ ತೋರಿಸುತ್ತದೆ.

ಆರೇ ತಿಂಗಳಿದ್ದರೆ ನಕ್ಷೆ ಹಿಡಿ. ಗೈಡ್ ಹತ್ತಿರ ಕೋರ್ ಆಗಲೇ ಇದ್ದರೆ ಅದನ್ನು ಬಿಡಬೇಡ.