ಗೋಡೆಗೆ ಇಂಜೆಕ್ಷನ್ ಹಾಕಿಸಿ ನಾಲ್ಕು ಮಳೆಗಾಲ ಆಯಿತು

ಫೆಬ್ರವರಿ 2022ರಲ್ಲಿ ನಮ್ಮ ಮನೆಯ ಮೂರು ಗೋಡೆಗಳಿಗೆ ತೇವ ತಡೆಯುವ ಇಂಜೆಕ್ಷನ್ ಹಾಕಿಸಿದೆವು, ಅಂದರೆ ಗೋಡೆಯ ಬುಡದಲ್ಲಿ ಸಾಲಾಗಿ ತೂತು ಕೊರೆದು ನೀರು ತಡೆಯುವ ಕ್ರೀಮ್ ತುಂಬಿಸುವುದು. ಆವತ್ತಿನಿಂದ ನೆಂಟರು, ಅಕ್ಕಪಕ್ಕದವರು ಎಲ್ಲರದ್ದೂ ಒಂದೇ ಪ್ರಶ್ನೆ: ‘ಹೆಂಗಿದೆ? ನಾವೂ ಹಾಕಿಸಬಹುದಾ?’ ‘ಇರಿ, ಇನ್ನೊಂದು ಮಳೆಗಾಲ ನೋಡೋಣ’ ಅಂತ ದಿನ ತಳ್ಳುತ್ತಾ ಬಂದೆ. ಒಂಬತ್ತು ಇಂಚಿನ ಗೋಡೆ ಪೂರ್ತಿ ಒಣಗೋಕೇ ಒಂದು ವರ್ಷದ ಹತ್ತಿರ ಬೇಕು. ಕೆಲಸ ಮುಗಿದ ವಾರವೇ ಐದು ಸ್ಟಾರ್ ಕೊಟ್ಟು ಬರೆದರೆ ಏನು ಪ್ರಯೋಜನ, ಅಲ್ವಾ? ಈಗ ನಾಲ್ಕು ಮಳೆಗಾಲ ಕಳೆದಿದೆ, ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಇಂಜೆಕ್ಷನ್ ಕೆಲಸ ಮಾಡುತ್ತದೆ. ಆದರೆ ನಾವು ಹಾಕಿಸಿದ ಮೂರು ಗೋಡೆಗಳಲ್ಲಿ ಅದು ನಿಜವಾಗಿ ಬೇಕಿದ್ದದ್ದು ಒಂದಕ್ಕೆ ಮಾತ್ರ.

ಮನೆ ಇರುವುದು ಬೆಂಗಳೂರಿನ ಬನಶಂಕರಿಯಲ್ಲಿ. 1987ರಲ್ಲಿ ನಮ್ಮ ಮಾವ ಕಟ್ಟಿಸಿದ್ದು. ಸೈಜುಗಲ್ಲಿನ ಪಾಯ, ಮೇಲೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ. ಪಾಯಕ್ಕೂ ಗೋಡೆಗೂ ನಡುವೆ ನೀರು ತಡೆಯುವ ಒಂದು ಪದರ ಹಾಕಬೇಕು, ಮೇಸ್ತ್ರಿಗಳು ಡಿಪಿಸಿ ಅನ್ನುತ್ತಾರೆ. ನಮ್ಮ ಮನೆಗೆ ಹಾಕಿದ್ದರೋ ಇಲ್ಲವೋ ಕೇಳೋಣ ಅಂದರೆ ಮಾವ ಈಗಿಲ್ಲ. ಆ ಪದರ ಇಲ್ಲದಿದ್ದರೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಇಟ್ಟಿಗೆ ನೆಲದ ನೀರನ್ನು ಎಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ಮೂರು, ಮೂರೂವರೆ ಅಡಿ ತನಕ ಏರುತ್ತದೆ. ನೀರು ಆವಿಯಾಗಿ ಹೋದರೂ ಅದರ ಜೊತೆ ಬಂದ ಉಪ್ಪು ಗೋಡೆಯಲ್ಲೇ ಉಳಿದು ಹರಳುಗಟ್ಟುತ್ತದೆ. ಪ್ಲಾಸ್ಟರನ್ನು ಒಳಗಿಂದ ಒಡೆಯುವುದು ಆ ಹರಳು.

ನಮ್ಮ ಅತ್ತೆ ದಿನಾ ಬೆಳಿಗ್ಗೆ ಹಾಲಿನ ಮೂಲೆಯಲ್ಲಿ ಗುಡಿಸಿದರೆ ಮೊರದಲ್ಲಿ ಒಂದು ಹಿಡಿ ಬಿಳಿ ಪುಡಿ ಸಿಗುತ್ತಿತ್ತು. ‘ಗೋಡೆ ಸುಣ್ಣ ಕಕ್ತಾ ಇದೆ’ ಅನ್ನುತ್ತಿದ್ದರು. ಪೇಂಟು ಹಪ್ಪಳದ ಹಾಗೆ ಉಬ್ಬಿ ನಿಂತಿರುತ್ತಿತ್ತು. ಬೆರಳಿಟ್ಟರೆ ಚರಕ್ ಅಂತ ಒಡೆದು ಒಳಗಿಂದ ಹತ್ತಿಯಂಥ ಉಪ್ಪು ಉದುರುತ್ತಿತ್ತು.

ಇಂಜೆಕ್ಷನ್‌ಗೂ ಮುಂಚೆ ನಾವು ಮಾಡಿದ ಎರಡು ತಪ್ಪುಗಳನ್ನು ಹೇಳಲೇಬೇಕು, ಯಾಕಂದರೆ ಬಹಳಷ್ಟು ಮನೆಗಳಲ್ಲಿ ಇದನ್ನೇ ಮಾಡುತ್ತಾರೆ. 2015ರಲ್ಲಿ ಗೋಡೆಯ ಕೆಳಗಿನ ಎರಡು ಅಡಿಗೆ ಎಪಾಕ್ಸಿ ಅನ್ನುವ ನೀರು ಬಿಡದ ಲೇಪ ಬಳಿಸಿದೆವು. ಒಂದು ವರ್ಷ ಚೆನ್ನಾಗಿತ್ತು. ಆಮೇಲೆ ತೇವ ಅದರ ಮೇಲ್ಗಡೆ ಕಾಣಿಸಿಕೊಂಡಿತು. ಎರಡು ಅಡಿಯಲ್ಲಿ ಆರಿ ಹೋಗುತ್ತಿದ್ದ ನೀರಿಗೆ ದಾರಿ ಮುಚ್ಚಿದೆವು, ಅದು ದಾರಿ ಸಿಗುವ ತನಕ ಏರಿತು ಅಷ್ಟೆ. 2018ರಲ್ಲಿ ಅದರ ಮೇಲೆ ಟೈಲ್ಸ್ ಹಾಕಿಸಿದೆವು. ಟೈಲ್ಸ್ ಮುಗಿದ ಕಡೆಯಿಂದ ಮತ್ತೆ ಹಪ್ಪಳ ಶುರು. ಎರಡಕ್ಕೂ ಸುರಿದ ದುಡ್ಡನ್ನು ಈಗ ಲೆಕ್ಕ ಹಾಕೋಕೆ ಹೋಗುವುದಿಲ್ಲ.

ಆಗಸ್ಟ್ 2021ರಲ್ಲಿ ತೇವದ ಚಿಕಿತ್ಸೆ ಮಾಡುವ ಒಬ್ಬರನ್ನು ಕರೆಸಿದೆವು. ಎರಡು ಮುಳ್ಳಿರುವ ಸಣ್ಣ ಮೀಟರ್ ತಂದಿದ್ದರು. ಗೋಡೆಗೆ ಚುಚ್ಚಿದ ಕಡೆಯೆಲ್ಲ ಕುಯ್ ಕುಯ್. ‘ಮೇಡಂ, ನಾಲ್ಕು ಗೋಡೆನೂ ಹೋಗಿದೆ’ ಅಂದರು. ನನ್ನ ಚಿಕ್ಕಪ್ಪನ ಮಗ ಸಿವಿಲ್ ಎಂಜಿನಿಯರು. ಅವನಿಗೆ ಹೇಳಿದರೆ ನಕ್ಕುಬಿಟ್ಟ. ಆ ಮೀಟರ್ ನೋಡುವುದು ಎರಡು ಮುಳ್ಳಿನ ನಡುವೆ ಎಷ್ಟು ಕರೆಂಟು ಹರಿಯುತ್ತದೆ ಅನ್ನುವುದನ್ನು. ಅದರ ಅಂಕಿಗಳು ಮರಕ್ಕೆ ಅಂತ ಹೊಂದಿಸಿದ್ದು. ಗೋಡೆಯಲ್ಲಿ ಉಪ್ಪಿದ್ದರೆ ತೇವ ಕಮ್ಮಿಯಿದ್ದರೂ ಜಾಸ್ತಿ ತೋರಿಸುತ್ತದೆ. ಮೀಟರ್ ಸುಳ್ಳು ಹೇಳುವುದಿಲ್ಲ, ಆದರೆ ನಾವು ಕೇಳುತ್ತಿರುವ ಪ್ರಶ್ನೆಗೆ ಅದು ಉತ್ತರ ಕೊಡುತ್ತಿಲ್ಲ ಅಂದ.

ಅವನು ಮಾಡಿದ್ದು ಎರಡು ಪರೀಕ್ಷೆ. ಮೊದಲನೆಯದಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕಾಯಿತು. ಅಂಗೈ ಎರಡರಷ್ಟು ಅಗಲದ ತುಂಡುಗಳನ್ನು ನಾಲ್ಕೂ ಗೋಡೆಗೆ ಸುತ್ತ ಟೇಪ್ ಅಂಟಿಸಿ ಎರಡು ದಿನ ಬಿಟ್ಟ. ತೆಗೆದಾಗ ಹಾಲು, ರೂಮು, ಅಡುಗೆಮನೆ ಮೂರರಲ್ಲೂ ಫಾಯಿಲ್‌ನ ಹಿಂದೆ, ಅಂದರೆ ಗೋಡೆ ಕಡೆಗೆ, ನೀರಿನ ಹನಿ. ವಾರ್ಡ್‌ರೋಬ್ ಹಿಂದಿನ ನಾಲ್ಕನೇ ಗೋಡೆಯಲ್ಲಿ ಮಾತ್ರ ಹಿಂದೆ ಒಣಗಿತ್ತು, ಮುಂದೆ ಮಂಜು ಕೂತಿತ್ತು. ಅಲ್ಲಿ ನೀರು ಗೋಡೆಯಿಂದ ಬರುತ್ತಿರಲಿಲ್ಲ, ಗಾಳಿಯಿಂದ ಬರುತ್ತಿತ್ತು. ವಾರ್ಡ್‌ರೋಬನ್ನು ಗೋಡೆಯಿಂದ ನಾಲ್ಕು ಇಂಚು ಮುಂದೆ ಎಳೆದು, ಕಿಟಕಿ ತೆಗೆದಿಡೋಕೆ ಶುರು ಮಾಡಿದೆವು. ಬೂಷ್ಟು ಮತ್ತೆ ಬರಲಿಲ್ಲ. ಒಂದು ಗೋಡೆಯ ಖರ್ಚು ಉಳಿಯಿತು.

ಎರಡನೆಯದು ಸ್ವಲ್ಪ ತಾಳ್ಮೆಯ ಕೆಲಸ. ಪ್ರತಿ ಗೋಡೆಯಲ್ಲೂ ಅರ್ಧ ಅಡಿ, ಎರಡು ಅಡಿ, ನಾಲ್ಕು ಅಡಿ ಎತ್ತರದಲ್ಲಿ ನಿಧಾನಕ್ಕೆ ಡ್ರಿಲ್ ಮಾಡಿ, ಬಂದ ಪುಡಿಯನ್ನು ಡಬ್ಬಿಗಳಲ್ಲಿ ಮುಚ್ಚಿಟ್ಟ. ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ, ಒವನ್‌ನಲ್ಲಿ ಒಣಗಿಸಿ, ಮತ್ತೆ ತೂಗಿದ. ಕಮ್ಮಿಯಾದ ತೂಕವೇ ನೀರು. ‘ಕೇಕ್ ಮಾಡೋ ಒವನ್‌ನಲ್ಲಿ ಇಟ್ಟಿಗೆ ಪುಡಿ ಬೇಯಿಸ್ತಾನಲ್ಲಮ್ಮ’ ಅಂತ ಅತ್ತೆ ಗೊಣಗಿದರು. ಹಾಲಿನ ಗೋಡೆಯಲ್ಲಿ ಕೆಳಗೆ ನೀರು ಜಾಸ್ತಿ, ಮೇಲೆ ಹೋದಂತೆ ಕಮ್ಮಿ, ನಾಲ್ಕು ಅಡಿಯಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ನೆಲದಿಂದ ಏರುವ ತೇವದ ಗುರುತು ಇದೇ. ಅಡುಗೆಮನೆ ಗೋಡೆಯಲ್ಲಿ ಮಾತ್ರ ಅರ್ಧ ಅಡಿ ಎತ್ತರದ ಪುಡಿಗಿಂತ ಎರಡು ಅಡಿ ಎತ್ತರದ ಪುಡಿಯಲ್ಲಿ ನೀರು ಜಾಸ್ತಿ ಇತ್ತು. ಅವನು ‘ಇದೇನೋ ಬೇರೆ ಇದ್ದಂಗಿದೆ’ ಅಂದ. ನನಗೆ ಅವಸರ. ಮೂರಕ್ಕೂ ಒಟ್ಟಿಗೆ ಮಾಡಿಸಿಬಿಡೋಣ ಅಂದೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಕೆಲಸ ಹೀಗಿತ್ತು. ಮೊದಲು ಐದು ಅಡಿ ತನಕ ಹಳೇ ಪ್ಲಾಸ್ಟರು, ಟೈಲ್ಸು ಎಲ್ಲ ಕಿತ್ತು ಇಟ್ಟಿಗೆ ಕಾಣುವ ಹಾಗೆ ಮಾಡಿದರು. ಆಮೇಲೆ ಸ್ಕರ್ಟಿಂಗ್‌ಗಿಂತ (ನೆಲಕ್ಕೆ ತಾಗಿ ಗೋಡೆಯ ಬುಡಕ್ಕೆ ಹಾಕುವ ಪಟ್ಟಿ) ಸ್ವಲ್ಪ ಮೇಲೆ, ಇಟ್ಟಿಗೆಗೆ ಅಲ್ಲ, ಎರಡು ಸಾಲು ಇಟ್ಟಿಗೆ ನಡುವಿನ ಗಾರೆ ಸಂದಿಗೆ, 12 ಸೆಂಟಿಮೀಟರಿಗೊಂದರಂತೆ 12 ಮಿಲಿಮೀಟರ್ ದಪ್ಪದ ತೂತು. ಆಳ 19 ಸೆಂಟಿಮೀಟರು. ಒಟ್ಟು 35 ಅಡಿ ಉದ್ದಕ್ಕೆ ಸುಮಾರು 90 ತೂತು ಆಯಿತು. ಪುಡಿ ಊದಿ ತೆಗೆದು, ಸಿಲಿಕಾನ್ ಗನ್‌ನಂಥದ್ದರಲ್ಲಿ ಬೆಣ್ಣೆಯಂಥ ಬಿಳಿ ಕ್ರೀಮನ್ನು ತೂತಿನ ತುದಿಯಿಂದ ಹೊರಗೆ ಬರುವ ತನಕ ತುಂಬುತ್ತಾ ಬಂದರು. ಆ ಕ್ರೀಮು ಗೋಡೆಯೊಳಗೆ ಹರಡಿ, ಸಣ್ಣ ಸಣ್ಣ ರಂಧ್ರಗಳ ಒಳಮೈಗೆ ನೀರು ಅಂಟದ ಹಾಗೆ ಮಾಡುತ್ತದೆ. ಕೆಸುವಿನ ಎಲೆ ಮೇಲೆ ನೀರು ನಿಲ್ಲಲ್ಲವಲ್ಲ, ಹಾಗೆ. ರಂಧ್ರ ಮುಚ್ಚುವುದಿಲ್ಲ, ನೀರು ಹತ್ತುವುದು ನಿಲ್ಲುತ್ತದೆ.

ಮೂರು ದಿನ ಮನೆಯೆಲ್ಲ ಕೆಂಪು ಧೂಳು. ಅಡಿಗೆ 450 ರೂಪಾಯಿಯಂತೆ 15,750 ಆಯಿತು. ಕೀಳುವುದು, ಮತ್ತೆ ಪ್ಲಾಸ್ಟರು ಮಾಡುವುದು ಬೇರೆ ಲೆಕ್ಕ, ಅದು ಇದಕ್ಕಿಂತ ಜಾಸ್ತಿ. ದರ ಕೇಳುವಾಗ ಇದನ್ನು ಬಿಡಿಸಿ ಕೇಳಿ.

ಕಂಟ್ರಾಕ್ಟರು ಮೂರೇ ವಾರಕ್ಕೆ ಪ್ಲಾಸ್ಟರ್ ಮುಗಿಸೋಣ ಅಂದರು. ಗೋಡೆ ತಿಂಗಳಿಗೆ ಹೆಚ್ಚೆಂದರೆ ಒಂದು ಇಂಚು ಒಣಗುತ್ತದೆ ಅನ್ನುವುದು ಈ ಕೆಲಸದವರ ಹಳೇ ಅಂದಾಜು. ಒಂಬತ್ತು ಇಂಚಿಗೆ ಎಷ್ಟು ತಿಂಗಳು, ನೀವೇ ಲೆಕ್ಕ ಹಾಕಿ. ಹಾಲಿನ ಗೋಡೆಯನ್ನು ಹಠ ಮಾಡಿ ಬರಿ ಇಟ್ಟಿಗೆಯಲ್ಲೇ ಜನವರಿ 2023ರ ತನಕ ಬಿಟ್ಟೆ. ಬಂದ ನೆಂಟರು ‘ಓ, ಎಕ್ಸ್‌ಪೋಸ್ಡ್ ಬ್ರಿಕ್, ಫ್ಯಾಷನ್ನಾ?’ ಅಂತ ಕೇಳಿದರು. ಹೌದು ಅಂದೆ. ರೂಮು, ಅಡುಗೆಮನೆ ಮಾತ್ರ ಬೇಗ ಮುಗಿಸಿಕೊಂಡೆವು.

2022ರಲ್ಲಿ ಬೆಂಗಳೂರಿಗೆ ಬಿದ್ದದ್ದು ದಾಖಲೆ ಮಳೆ, 2017ರ ದಾಖಲೆಯನ್ನೂ ಮುರಿದಿತ್ತು. ಇದಕ್ಕಿಂತ ಕಷ್ಟದ ಪರೀಕ್ಷೆ ಬೇಕಾ? ಹಾಲಿನ ಬರಿಗೋಡೆಯಲ್ಲಿ ತೂತಿನ ಸಾಲಿನ ಕೆಳಗೆ ಇಟ್ಟಿಗೆ ಕಪ್ಪಗೆ, ಮೇಲೆ ತಿಳಿ ಕೆಂಪಗೆ. ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿತ್ತು. ಅದನ್ನು ನೋಡಿದ ಮೇಲೆ ಇಂಜೆಕ್ಷನ್ ಬಗ್ಗೆ ನನಗೆ ಅನುಮಾನ ಉಳಿಯಲಿಲ್ಲ.

ರೂಮಿನಲ್ಲಿ ಅಕ್ಟೋಬರ್‌ಗೇ ಮತ್ತೆ ಉಪ್ಪು ಬಂತು. ಹತ್ತು ವರ್ಷದ ವಾರಂಟಿ ಇದೆಯಲ್ಲ ಅಂತ ಫೋನ್ ಮಾಡಿದೆ. ವಾರಂಟಿ ಕೆಮಿಕಲ್ ಪದರಕ್ಕೆ, ಪ್ಲಾಸ್ಟರು ಪೇಂಟಿಗೆ ಅಲ್ಲ ಅಂದರು. ಕಾಗದ ತೆಗೆದು ನೋಡಿದರೆ ಹಾಗೇ ಬರೆದಿತ್ತು, ಸಣ್ಣ ಅಕ್ಷರದಲ್ಲಿ. ಸಹಿ ಹಾಕುವಾಗ ಓದಿರಲಿಲ್ಲ, ತಪ್ಪು ನನ್ನದೇ.

ಕಾರಣ ಹೊರಗಿತ್ತು. ಈ ಮನೆ ಕಟ್ಟಿದಾಗ ರಸ್ತೆಯಿಂದ ಬಾಗಿಲಿಗೆ ಮೂರು ಮೆಟ್ಟಿಲಿತ್ತಂತೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿತು, ಮಳೆನೀರು ಕಾಂಪೌಂಡಿನೊಳಗೆ ನುಗ್ಗೋಕೆ ಶುರುವಾಯಿತು. 2009ರಲ್ಲಿ ನಾವೇ ಮನೆ ಸುತ್ತಲಿನ ಪ್ಯಾಸೇಜಿಗೆ ಮಣ್ಣು ತುಂಬಿ ಕಾಂಕ್ರೀಟ್ ಹಾಕಿಸಿ ಎತ್ತರಿಸಿದ್ದೆವು. ರೂಮಿನ ಗೋಡೆಗೆ ಒಳಗಿನಿಂದ ಸ್ಕರ್ಟಿಂಗ್ ಮಟ್ಟ ನೋಡಿ ತೂತು ಕೊರೆದಿದ್ದರು. ಹೊರಗೆ ಹೋಗಿ ಅಳೆದರೆ ಪ್ಯಾಸೇಜಿನ ನೆಲ ಆ ಸಾಲಿಗಿಂತ ಮೂರು ಇಂಚು ಮೇಲಿತ್ತು! ತೂತಿನ ಸಾಲು ಹೊರಗಿನ ನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಮೇಲಿರಬೇಕು. ಇಲ್ಲದಿದ್ದರೆ ನೀರು ಆ ಸಾಲಿನ ಮೇಲಿನಿಂದಲೇ ಅಡ್ಡಡ್ಡ ಒಳಗೆ ಬರುತ್ತದೆ. ಟೇಪ್ ಹಿಡಿದು ಹೊರಗೆ ಒಂದು ಸುತ್ತು ಹೊಡೆದಿದ್ದರೆ ಸಾಕಿತ್ತು. ಅವರೂ ಹೋಗಲಿಲ್ಲ, ನಾನೂ ಹೋಗಲಿಲ್ಲ.

ಗೋಡೆ ಪಕ್ಕದಲ್ಲೇ ಒಂದಡಿ ಅಗಲ, ಒಂದೂವರೆ ಅಡಿ ಆಳ ಅಗೆಸಿದೆವು. ತೂತಿರುವ ಪೈಪ್ ಇಟ್ಟು, ಮುಂದಿನ ಚರಂಡಿಗೆ ಇಳಿಜಾರು ಕೊಟ್ಟು, ಮೇಲೆ ದಪ್ಪ ಜಲ್ಲಿ ತುಂಬಿಸಿದೆವು. 18,000 ಆಯಿತು. ರೂಮಿನ ಪ್ಲಾಸ್ಟರು ಮತ್ತೆ ಮಾಡಿಸಬೇಕಾಯಿತು. ಈಗ ಅಲ್ಲಿ ತೊಂದರೆ ಇಲ್ಲ. ಹಾಳಾಗಿದ್ದಕ್ಕೆ ಬೇಗ ಪ್ಲಾಸ್ಟರ್ ಮಾಡಿದ್ದು ಎಷ್ಟು ಕಾರಣ, ಹೊರಗಿನ ನೆಲ ಎಷ್ಟು ಕಾರಣ ಅಂತ ಬೇರೆ ಮಾಡಿ ಹೇಳೋಕೆ ಆಗಲ್ಲ.

ಅಡುಗೆಮನೆಯ ಗುಟ್ಟು ಬಯಲಾಗಿದ್ದು ನೀರಿಲ್ಲದ ಕಾಲದಲ್ಲಿ. 2023ರಲ್ಲಿ ಮಳೆ ಕೈಕೊಟ್ಟು, 2024ರ ಮಾರ್ಚ್ ಹೊತ್ತಿಗೆ ಊರಲ್ಲೆಲ್ಲ ಟ್ಯಾಂಕರ್ ಪರದಾಟ ಇತ್ತಲ್ಲ, ನಮ್ಮ ಬೋರೂ ಬತ್ತಿತು. ಅಡುಗೆಮನೆ ಗೋಡೆ ಪಕ್ಕದ ಸಂಪಿನಲ್ಲಿ ಎರಡಡಿ ನೀರಿದ್ದರೆ ಅದೇ ದೊಡ್ಡದು. ಆರು ವಾರದಲ್ಲಿ ಅಡುಗೆಮನೆ ಗೋಡೆಯ ಒದ್ದೆ ಗುರುತು ಅರ್ಧಕ್ಕೆ ಇಳಿಯಿತು. ಅದನ್ನು ಮೊದಲು ಗಮನಿಸಿದ್ದು ಅತ್ತೆ: ‘ಸಂಪು ಒಣಗಿದ್ದಕ್ಕೆ ಗೋಡೆನೂ ಒಣಗಿದೆ ನೋಡು.’ ಜೂನ್‌ನಲ್ಲಿ ಸಂಪು ತುಂಬಿಸಿ, ವಾಲ್ವ್ ಮುಚ್ಚಿ, ಮೋಟರ್ ಆಫ್ ಮಾಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಮಾರನೇ ದಿನ ಇದೇ ಹೊತ್ತಿಗೆ ನಾಲ್ಕು ಬೆರಳು ಇಳಿದಿತ್ತು. 2009ರಲ್ಲಿ ಪ್ಯಾಸೇಜ್ ಎತ್ತರಿಸಿದಾಗ ಸಂಪಿನ ಕತ್ತನ್ನೂ ಏರಿಸಿದ್ದೆವು. ಹಳೇ ಗೋಡೆಗೆ ಹೊಸ ಕತ್ತು ಸೇರುವ ಕಡೆ ಕೂದಲೆಳೆಯಷ್ಟು ಬಿರುಕು. ಅಡುಗೆಮನೆಯ ತೂತಿನ ಸಾಲಿಗಿಂತ ಆ ಬಿರುಕು ಮೇಲಿತ್ತು. ಇಂಜೆಕ್ಷನ್ ಏನು ಮಾಡೀತು ಪಾಪ. ಸಂಪು ರಿಪೇರಿಗೆ ಖರ್ಚಾಗಿದ್ದು 6,000, ಒಂದೇ ದಿನದ ಕೆಲಸ.

ಪ್ಲಾಸ್ಟರ್ ಬಗ್ಗೆ ಒಂದು ಮಾತು. ಹಾಲಿಗೆ ಸುಣ್ಣದ ಗಾರೆ ಮಾಡಿಸಿ, ಮೇಲೆ ಬರಿ ಸುಣ್ಣ ಬಳಿಸಿದೆವು. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೇಡವೇ ಬೇಡ, ಅದು ತೇವ ಹೀರಿ ಮೆತ್ತಗಾಗುತ್ತದೆ. ಪೇಂಟರ್ ಮಾತ್ರ ‘ಪುಟ್ಟಿ ಇಲ್ದೆ ಫಿನಿಶಿಂಗ್ ಬರಲ್ಲ ಮೇಡಂ’ ಅಂತ ನಾಲ್ಕು ಸಲ ಹೇಳಿ ಮುಖ ಊದಿಸಿಕೊಂಡು ಹೋದ. ಬೆಳಕು ಪಕ್ಕದಿಂದ ಬಿದ್ದಾಗ ಗೋಡೆ ಸ್ವಲ್ಪ ಉಬ್ಬುತಗ್ಗು ಕಾಣುತ್ತದೆ, ನಿಜ.

ಮುಂಬಾಗಿಲ ಪಕ್ಕ ಅಂಗೈ ಅಗಲದ ಒಂದು ಜಾಗ ಮಾತ್ರ ಜಡಿಮಳೆ ಹಿಡಿದಾಗ ಕಪ್ಪಗಾಗುತ್ತದೆ, ಬಿಸಿಲು ಬಂದರೆ ಮಾಯ. ಇಟ್ಟಿಗೆಯಲ್ಲಿ ಉಳಿದ ಹಳೇ ಉಪ್ಪು ಗಾಳಿಯ ತೇವ ಎಳೆದುಕೊಳ್ಳುವುದು ಅದು. ಇಂಜೆಕ್ಷನ್ ನೀರನ್ನು ತಡೆಯುತ್ತದೆ, ಒಳಗಿರುವ ಉಪ್ಪನ್ನು ತೆಗೆಯುವುದಿಲ್ಲ. ಇದನ್ನು ಕೆಲಸಕ್ಕೆ ಮುಂಚೆ ಯಾರೂ ಹೇಳಿರಲಿಲ್ಲ.

ಕ್ರೀಮಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅದನ್ನು ಹಾಕಿದವರ ಕೈಕೆಲಸಕ್ಕೆ ನಾಲ್ಕು, ತಪಾಸಣೆಗೆ ಒಂದು. ಫಾಯಿಲ್‌ಗೆ ಐದಕ್ಕೆ ಐದು.

ಕಳೆದ ತಿಂಗಳು ನಮ್ಮ ರಸ್ತೆಗೆ ಮತ್ತೆ ಡಾಂಬರು ಹಾಕಿದರು. ಹಳೇದನ್ನು ಕೆರೆಯದೆ, ಹಾಗೇ ಮೇಲೆ. ಉಳಿದಿದ್ದ ಒಂದೇ ಮೆಟ್ಟಿಲಿಗೆ ಸಂಜೆ ಟೇಪ್ ಹಿಡಿದು ನೋಡಿದೆ: ನಾಲ್ಕೂಕಾಲು ಇಂಚು.