ಸಮೀಕ್ಷೆಯೋ, ತಾಯಿ ಕಾರ್ಡೋ?

ಅಂಗನವಾಡಿಯಲ್ಲಿ ಕೊಡುವ ಮಾತೃಪೂರ್ಣ ಯೋಜನೆಯ ಬಿಸಿಯೂಟದಿಂದ ಬಡ ಬಸುರಿಯರ ರಕ್ತಹೀನತೆ ತಗ್ಗಿತೇ? ಗದಗ ಜಿಲ್ಲೆಯಲ್ಲಿ ಇದನ್ನು ಅಳೆಯಹೊರಟವರ ಮುಂದೆ ಎರಡು ದಾರಿಗಳಿವೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶ ಖರ್ಚಿಲ್ಲದೆ ಸಿಗುತ್ತದೆ. ಯೋಜನೆ ರಾಜ್ಯವಿಡೀ ಶುರುವಾದದ್ದು 2017ರ ಅಕ್ಟೋಬರ್‌ನಲ್ಲಿ. ನಾಲ್ಕನೇ ಸುತ್ತು (2015–16) ಅದಕ್ಕೂ ಮೊದಲಿನದು, ಐದನೆಯದು (2019–21) ಆಮೇಲಿನದು. ಆದರೆ ಮಾದರಿ ಜಿಲ್ಲಾ ಮಟ್ಟದ್ದು, ಅದರಲ್ಲಿ ಬಸುರಿಯರು ತೀರಾ ಕಡಿಮೆ. ರೋಣ, ಶಿರಹಟ್ಟಿ ಎಂದು ತಾಲ್ಲೂಕುವಾರು ಬಿಡಿಸಿ ನೋಡಲಾಗದು.

ಬಸುರಿಯ ತಪಾಸಣೆ, ಹೆರಿಗೆಯ ವಿವರ ಬರೆದಿಡುವ ತಾಯಿ ಕಾರ್ಡಿನಲ್ಲಿ ಊರುವಾರು ವಿವರ ಸಿಗುತ್ತದೆ, ತಪ್ಪೂ ಅಲ್ಲೇ ನುಸುಳುತ್ತದೆ. ಕುಬಸ ಮುಗಿಸಿ ತವರಿಗೆ ಹೋದವಳ ಹೆಸರು ರೋಣದಲ್ಲಿ, ಹೆರಿಗೆ ಹುಬ್ಬಳ್ಳಿಯಲ್ಲಿ. ಹೆಸರು ಹಿಡಿದು ಹುಡುಕಿದರೆ ಒಬ್ಬಳೇ ಇಬ್ಬರಾಗುತ್ತಾಳೆ, ಇಲ್ಲವೇ ಕಳೆದೇ ಹೋಗುತ್ತಾಳೆ. ತಾಯಿ-ಮಗುವಿನ ಆರೋಗ್ಯ ದಾಖಲೆಗೆಂದು ಪ್ರತಿ ಬಸುರಿಗೂ ಕೊಡುವ ಆರ್‌ಸಿಎಚ್ ಸಂಖ್ಯೆಯಿಂದಲೇ ಜೋಡಿಸಬೇಕು. ದಾಖಲೆಯನ್ನು ಎಷ್ಟು ನಂಬಬಹುದೆಂದು ತಿಳಿಯಲು ಕೂಸಿನ ತೂಕದ ಕಾಲಂ ನೋಡಿ: ಸಾಲುಸಾಲಾಗಿ 2.5 ಕಿಲೋ ಇದ್ದರೆ ಅಂದಾಜಿನಲ್ಲಿ ಬರೆದದ್ದೆಂದು ಅನುಮಾನಿಸಿ. ಕಡಿಮೆ ತೂಕವೆಂದರೆ 2.5ಕ್ಕಿಂತ ಕೆಳಗೆ, 2.4ರ ಕೂಸು ಹೀಗೆ ಲೆಕ್ಕದಿಂದಲೇ ಜಾರಿಬಿಡುತ್ತದೆ.

ಜಿಲ್ಲೆಗಳ ನಡುವಿನ ಹೋಲಿಕೆಗೆ ಸಮೀಕ್ಷೆ ಸಾಕು. ತಾಲ್ಲೂಕಿನ ಪ್ರಶ್ನೆಗೆ ತಾಯಿ ಕಾರ್ಡೇ ಬೇಕು, ಹತ್ತರಲ್ಲಿ ಒಂದು ಮನೆಗಾದರೂ ಆಶಾ ಕಾರ್ಯಕರ್ತೆಯ ಜೊತೆ ಹೋಗಿ ತಾಳೆ ನೋಡುವ ಷರತ್ತಿನ ಮೇಲೆ. ಊಟಕ್ಕೆ ಅಂಗನವಾಡಿಗೆ ನಿಜಕ್ಕೂ ಬಂದ ದಿನಗಳೆಷ್ಟು ಎಂಬುದನ್ನು ಅಲ್ಲೇ ಕೇಳಿ. ಕೂಲಿಗೆ ಹೋಗುವವಳಿಗೆ ಮಧ್ಯಾಹ್ನದ ನಡಿಗೆ ಹಗುರವಲ್ಲ.